ಸೈಕಲ್ ಮೇಳದಲ್ಲಿ ರಿಪೇರಿಗೂ ಒಂದು ಮೂಲೆ ಕೊಡಿ

ಮಾನ್ಯ ಸಂಪಾದಕರೇ,

ಶ್ರೀರಾಮಪುರದಲ್ಲಿ ನಮ್ಮಪ್ಪ ಶುರು ಮಾಡಿದ ಸೈಕಲ್ ಶಾಪನ್ನು ಈಗ ನಾನು ನಡೆಸುತ್ತಿದ್ದೇನೆ. ಕಳೆದ ಶನಿವಾರ ಮಾದಾವರದಲ್ಲಿ ನಡೆದ ಸೈಕಲ್ ಮೇಳಕ್ಕೆ ಅಂಗಡಿಯ ಹುಡುಗನನ್ನೂ ಕರೆದುಕೊಂಡು ಹೋಗಿದ್ದೆ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದ ತನಕ ಹೋಗುತ್ತಿರುವುದರಿಂದ ನಮ್ಮಂಥವರಿಗೆ ಓಡಾಟ ಸಲೀಸಾಗಿದೆ. ಮೇಳ ಚೆನ್ನಾಗಿತ್ತು. ನಮ್ಮ ಹುಡುಗ ಒಂದು ಕಾರ್ಬನ್ ಫ್ರೇಮನ್ನು ಎರಡೇ ಬೆರಳಲ್ಲಿ ಎತ್ತಿ, ‘ಅಣ್ಣಾ, ಇದ್ರಲ್ಲಿ ಏನೂ ಇಲ್ವಲ್ಲಣ್ಣ’ ಅಂದ. ವೈರಿಲ್ಲದ ಗೇರು, ಬ್ಯಾಟರಿ ಸೈಕಲ್ಲು, ಮಡಚುವ ಸೈಕಲ್ಲು ಎಲ್ಲವನ್ನೂ ಕಣ್ತುಂಬ ನೋಡಿದೆವು.

ನಾನು ಹೋಗಿದ್ದು ಮಾತ್ರ ಒಂದು ಸಣ್ಣ ಸಾಮಾನು ಹುಡುಕಿಕೊಂಡು. ಗೇರ್ ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡೊಂದು ಇರುತ್ತದೆ. ಅದಕ್ಕೆ ಹ್ಯಾಂಗರ್ ಅಂತಾರೆ. ಹಿಂದಿನ ಗೇರು ನೇತಾಡುವುದು ಅದರ ಮೇಲೆ. ಸೈಕಲ್ ಬಲಕ್ಕೆ ಬಿದ್ದರೆ ಫ್ರೇಮು ಉಳಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಬಾಗುವುದು, ಮುರಿಯುವುದು ಅದರ ಕೆಲಸವೇ. ಆದರೆ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಎಷ್ಟೋ ಸಲ ಬೇರೆ ಬೇರೆ. ನನ್ನ ಅಂಗಡಿಯಲ್ಲಿ ಈ ತುಂಡಿಗಾಗಿ ಕಾಯುತ್ತಾ ಸೈಕಲ್ಲುಗಳು ಗೋಡೆಗೆ ಒರಗಿವೆ. ಮೇಳದ ಮಳಿಗೆಗಳಲ್ಲಿ ಕೇಳುತ್ತಾ ಹೋದೆ. ಹೊಸ ಸೈಕಲ್ಲಿನ ಬೆಲೆಪಟ್ಟಿ ಕೊಟ್ಟರು, ಕಾಫಿ ಕೊಟ್ಟರು, ಬಿಡಿಭಾಗ ಯಾರ ಹತ್ತಿರವೂ ಇರಲಿಲ್ಲ.

ಮಾರನೇ ದಿನ ಭಾನುವಾರ ಬೆಳಗ್ಗೆ ಮೇಳದ ಅಂಗವಾಗಿ ಕಬ್ಬನ್ ಪಾರ್ಕಿನಿಂದ ಸಾಮೂಹಿಕ ಸವಾರಿ ಹೊರಟಿತು. ನಾನು ಟೂಲ್ ಡಬ್ಬಿ, ಪಂಪು ತೆಗೆದುಕೊಂಡೇ ಹೋಗಿದ್ದೆ. ವಿಧಾನಸೌಧದ ಮುಂದೆ ಅಷ್ಟು ಸೈಕಲ್ಲುಗಳು ಒಟ್ಟಿಗೆ ಬೆಲ್ಲು ಹೊಡೆದುಕೊಂಡು ಹೋದಾಗ ಎದೆ ತುಂಬಿ ಬಂತು. ಅಜ್ಜಿಯೊಬ್ಬರು ಸೀರೆ ಎತ್ತಿಕಟ್ಟಿ ಮೊಮ್ಮಗಳ ಜೊತೆ ತುಳಿಯುತ್ತಿದ್ದರು. ಆದರೆ ಮಿನ್ಸ್ಕ್ ಸ್ಕ್ವೇರ್ ದಾಟುವುದರೊಳಗೇ ಜನ ರಸ್ತೆ ಬದಿಗೆ ಇಳಿದು ನಿಲ್ಲತೊಡಗಿದರು. ಬಹಳ ಮಂದಿ 2020ರ ಲಾಕ್‌ಡೌನಿನಲ್ಲಿ ಕೊಂಡ ಸೈಕಲ್ಲನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ನೇರವಾಗಿ ಅಲ್ಲಿಗೆ ತಂದಿದ್ದರು. ಟೈರು ಬಿರುಕು ಬಿಟ್ಟಿದೆ, ಚೈನಿನಲ್ಲಿ ತುಕ್ಕು, ಬ್ರೇಕಿನ ರಬ್ಬರು ಕಲ್ಲಾಗಿದೆ. ಗಾಳಿ ಹೊಡೆಯಲು ಹೋದರೆ ವಾಲ್ವೇ ಬೇರೆ. ನಮ್ಮ ಹಳೇ ಸೈಕಲ್ಲಿನದು ಒಂದು ಥರ, ಸ್ಕೂಟರಿನಂತಹದು ಇನ್ನೊಂದು ಥರ, ರೇಸ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವ್ ಮತ್ತೊಂದು. ಆ ಪ್ರೆಸ್ಟಾಗೆ ಪಂಚರ್ ಅಂಗಡಿಯ ಪೈಪು ಹಿಡಿಯುವುದೇ ಇಲ್ಲ. ಕಾಲೇಜು ಹುಡುಗಿಯೊಬ್ಬಳ ಸೈಕಲ್ಲಿನ ಹ್ಯಾಂಗರ್ ಬಾಗಿ ಗೇರು ಕಡ್ಡಿಗೆ ತಾಗುತ್ತಿತ್ತು. ಗೇರು ಬಿಚ್ಚಿ, ಚೈನು ಗಿಡ್ಡ ಮಾಡಿ, ಒಂದೇ ಗೇರಿನಲ್ಲಿ ಓಡುವ ಹಾಗೆ ಮಾಡಿಕೊಟ್ಟೆ. ‘ಅಂಕಲ್, ಇದನ್ನ ಪೂರ್ತಿ ಸರಿ ಮಾಡೋರು ಎಲ್ಲಿ ಸಿಗ್ತಾರೆ?’ ಎಂದು ಕೇಳಿದಳು.

ಸೈಕಲ್ ದಾರಿಯ ಬಗ್ಗೆ ನಿಮ್ಮ ಪತ್ರಿಕೆಗೆ ಅನೇಕರು ಬರೆದಿದ್ದಾರೆ. 2012ರ ಜಯನಗರದ ಪಥ, 2020ರ ಹೊರವರ್ತುಲ ರಸ್ತೆಯ ಪಥ ಏನಾದವು ಎಂಬುದನ್ನು ಊರೇ ನೋಡಿದೆ. ದಾರಿ ಬೇಕೇ ಬೇಕು. ಆದರೆ ನಾಳೆಯೇ ಒಳ್ಳೆಯ ದಾರಿ ಆದರೂ ಬೇಸ್‌ಮೆಂಟಿನ ಸೈಕಲ್ ಅದರ ಮೇಲೆ ಬರಬೇಕಾದರೆ ಮೊದಲು ಓಡಬೇಕಲ್ಲ.

ಅಪ್ಪನ ಕಾಲದ 28 ಇಂಚಿನ ಕರೀ ಸೈಕಲ್ಲಿಗೆ ಯಾವ ಕಂಪನಿಯ ಕೋನು, ಬಾಲ್ಸು, ಚೈನು ಹಾಕಿದರೂ ನಡೆಯುತ್ತಿತ್ತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಮುಚ್ಚಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಅಟ್ಲಾಸ್ ಸೈಕಲ್ಲುಗಳು ಇವತ್ತಿಗೂ ನನ್ನ ಅಂಗಡಿಗೆ ಬರುತ್ತವೆ, ರಿಪೇರಿಯಾಗಿ ಹೋಗುತ್ತವೆ. ಕಂಪನಿ ಕೈಬಿಟ್ಟರೂ ಸಾಮಾನು ಸಿಗುತ್ತಿದೆ, ಕೆಲಸ ಬಲ್ಲವರು ಇದ್ದಾರೆ. ಹೊಸ ಸೈಕಲ್ಲುಗಳಿಗೆ ಈ ಎರಡೂ ಇಲ್ಲ. ನಮ್ಮ ಕಸುಬಿನವರಿಗೆ ಹೊಸದನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಫೋನಿನಲ್ಲಿ ವಿಡಿಯೊ ನೋಡಿಯೇ ಕಲಿಯುತ್ತಿದ್ದೇವೆ. ಇದರಲ್ಲಿ ಅಪಾಯವೂ ಇದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕುಗಳಲ್ಲಿ ಜಪಾನಿನ ಶಿಮಾನೊ ಕಂಪನಿಯದಕ್ಕೆ ಮಿನರಲ್ ಆಯಿಲ್ ಬೇಕು, ಇನ್ನು ಕೆಲವಕ್ಕೆ ಕಾರು, ಬೈಕಿನ ಬ್ರೇಕಿಗೆ ಹಾಕುವಂಥ ಡಾಟ್ ಆಯಿಲ್. ಅದು ಇದಕ್ಕೆ, ಇದು ಅದಕ್ಕೆ ಬಿದ್ದರೆ ಒಳಗಿನ ಸೀಲು ಕೆಟ್ಟು ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ನಂದಿ ಬೆಟ್ಟ ಇಳಿಯುವವರ ಜೀವ ಮೆಕ್ಯಾನಿಕ್ಕಿನ ಕೈಯಲ್ಲಿರುತ್ತದೆ.

ಹಾಗಾಗಿ ಮೇಳ ನಡೆಸುವವರಲ್ಲಿ ನನ್ನ ಕೋರಿಕೆ ಇದು. ಮುಂದಿನ ಸಲ ಒಂದು ಮೂಲೆಯನ್ನು ರಿಪೇರಿಗೆಂದೇ ಬಿಡಿ. ಅಲ್ಲಿ ಕಂಪನಿಯವರ ನುರಿತ ಮೆಕ್ಯಾನಿಕ್ಕುಗಳು ಊರಿನ ಸೈಕಲ್ ಶಾಪಿನವರಿಗೆ ಕನ್ನಡದಲ್ಲಿ ಗೇರು, ಬ್ರೇಕಿನ ಕೆಲಸ ಹೇಳಿಕೊಡಲಿ. ಮಳಿಗೆ ಹಾಕುವ ಪ್ರತಿ ಕಂಪನಿಯೂ ತಾನು ಮಾರುವ ಮಾಡೆಲ್ಲುಗಳ ಹ್ಯಾಂಗರನ್ನು ತಂದಿಡಲಿ. ಸವಾರಿಯ ಹಿಂದಿನ ದಿನ ಸಂಜೆ ಬಡಾವಣೆಗಳಲ್ಲಿ ಸೈಕಲ್ ತಪಾಸಣೆ ಇರಲಿ. ಅದಕ್ಕೆ ನನ್ನಂಥ ಅಂಗಡಿಯವರನ್ನು ಕರೆದರೆ ಖಂಡಿತ ಬರುತ್ತೇವೆ. ಟೂಲು, ಪಂಪು, ಮೂರೂ ಥರದ ವಾಲ್ವಿನ ಅಡಾಪ್ಟರು ನಾವೇ ತರುತ್ತೇವೆ. ಒಂದು ಮೇಜು, ಸ್ವಲ್ಪ ನೆರಳು ಕೊಟ್ಟರೆ ಸಾಕು.

ಇತಿ,
ಸೈಕಲ್ ಶಾಪಿನವ,
ಶ್ರೀರಾಮಪುರ, ಬೆಂಗಳೂರು