ಚಿಮಣಿ ಹುಡುಗರೂ ಆಲೆಮನೆ ಹುಡುಗರೂ

ಮಾನ್ಯ ಸಂಪಾದಕರೇ,

ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನದ ಅಂಗವಾಗಿ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಇಂಗ್ಲೆಂಡಿನ ಲಾರ್ಡ್ ಶಾಫ್ಟ್ಸ್‌ಬರಿ (1801–1885) ಅವರನ್ನು ಗಿರಣಿಗಳಲ್ಲಿ ಹೆಂಗಸರು, ಎಳೆಯರು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯದಂತೆ ಮಾಡಿದ ‘ಹತ್ತು ಗಂಟೆ ದುಡಿಮೆಯ ಕಾಯ್ದೆ’ ತಂದವರೆಂದಷ್ಟೇ ಸ್ಮರಿಸಿದೆ. ವಾಸ್ತವವಾಗಿ 1847ರಲ್ಲಿ ಅದು ಅಂಗೀಕಾರವಾದಾಗ ಅವರು ಸಂಸತ್ತಿನಲ್ಲೇ ಇರಲಿಲ್ಲ. ಹೊರದೇಶದ ಧಾನ್ಯದ ಮೇಲಿನ ಸುಂಕದ ಬಗ್ಗೆ ತಮ್ಮ ನಿಲುವು ಬದಲಾದ ಮೇಲೆ ಹಳೆಯ ಮಾತಿಗೆ ಮತ ಕೊಟ್ಟವರ ಪ್ರತಿನಿಧಿಯಾಗಿ ಉಳಿಯುವುದು ತರವಲ್ಲವೆಂದು 1846ರಲ್ಲೇ ರಾಜೀನಾಮೆ ಕೊಟ್ಟಿದ್ದರು. ಮಸೂದೆಯನ್ನು ದಡ ಸೇರಿಸಿದವರು ಸ್ವತಃ ಗಿರಣಿ ಮಾಲೀಕರಾಗಿದ್ದ ಜಾನ್ ಫೀಲ್ಡನ್. (ಇಂಥ ರಾಜೀನಾಮೆ ನಮಗೆ ಕೇಳಿಯೇ ಅಪರೂಪ.)

ಶಾಫ್ಟ್ಸ್‌ಬರಿ ಪಾದ್ರಿಯಲ್ಲ, ಆಂಗ್ಲಿಕನ್ ಚರ್ಚಿನೊಳಗೆ ಬೈಬಲ್ಲಿಗೂ ವೈಯಕ್ತಿಕ ನಂಬಿಕೆಗೂ ಒತ್ತು ಕೊಡುವ ಇವ್ಯಾಂಜೆಲಿಕಲ್ ಪಂಥದ ಗೃಹಸ್ಥ ಭಕ್ತರು. ಬಾಲ್ಯದಲ್ಲಿ ಪ್ರಾರ್ಥನೆ ಕಲಿಸಿದ್ದು ಹೆತ್ತವರಲ್ಲ, ಮನೆಗೆಲಸದ ಮರಿಯಾ ಮಿಲ್ಲಿಸ್. ಆಕೆ ಬಿಟ್ಟುಹೋದ ಚಿನ್ನದ ಗಡಿಯಾರವನ್ನೇ ಅವರು ಕಡೆಯವರೆಗೂ ಧರಿಸಿದರು. ಮತದಾನದ ಹಕ್ಕನ್ನು ವಿಸ್ತರಿಸುವುದಕ್ಕೆ ಮಾತ್ರ ಅವರ ವಿರೋಧವಿತ್ತು ಎಂಬುದನ್ನೂ ಮರೆಯಬಾರದು.

ಅವರ ಪಟ್ಟು ಎಂಥದೆಂಬುದು ಕಾಣುವುದು ಚಿಮಣಿ ಹುಡುಗರ ವಿಷಯದಲ್ಲಿ. ಮಸಿ ಕೆರೆಯಲು ಇಕ್ಕಟ್ಟಾದ ಹೊಗೆಗೂಡಿನೊಳಗೆ ಮಕ್ಕಳನ್ನು ಹತ್ತಿಸುತ್ತಿದ್ದರು. ಸುಲಿದ ಮೊಣಕೈ, ಮೊಣಕಾಲು ಗಟ್ಟಿಯಾಗಲೆಂದು ಬೆಂಕಿಯ ಮುಂದೆ ನಿಲ್ಲಿಸಿ ಉಪ್ಪುನೀರು ತಿಕ್ಕುತ್ತಿದ್ದರು. 1840ರಲ್ಲಿ ನಿಷೇಧ ಬಂತು, 1864ರಲ್ಲಿ ಶಿಕ್ಷೆ ಇನ್ನಷ್ಟು ಬಿಗಿಯಾಯಿತು. ಗಿರಣಿಗಾದರೆ ನಿರೀಕ್ಷಕರಿದ್ದರು, ಮನೆಮನೆಯ ಚಿಮಣಿಯನ್ನು ನೋಡುವವರಾರು? 1875ರಲ್ಲಿ ಕೇಂಬ್ರಿಡ್ಜ್ ಬಳಿಯ ಫುಲ್‌ಬರ್ನ್ ಆಸ್ಪತ್ರೆಯ ಚಿಮಣಿಗೆ ಇಳಿಸಿದ್ದ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ ಮೇಲೆ, ಚಿಮಣಿ ಗುಡಿಸುವವರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಪೊಲೀಸರಿಗೆ ಹೊಣೆ ವಹಿಸುವ ಕಾಯ್ದೆಯನ್ನು ಶಾಫ್ಟ್ಸ್‌ಬರಿ ಮಾಡಿಸಿದರು.

ಅದೇ ವರ್ಷ ಅವರು ಭಾರತದ ಗಿರಣಿ ಮಕ್ಕಳ ಪ್ರಶ್ನೆಯನ್ನೂ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಎತ್ತಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಯವರ ಹಿತಕ್ಕಾಗಿ ಬೊಂಬಾಯಿ ಗಿರಣಿಗಳ ಕೈಕಟ್ಟುವ ಹುನ್ನಾರವಿದೆಂದು ಇಲ್ಲಿನವರು ಶಂಕಿಸಿದ್ದರಲ್ಲಿ ಹುರುಳಿಲ್ಲದಿರಲಿಲ್ಲ. ಕಡೆಗೆ 1881ರಲ್ಲಿ ಬಂದ ಕಾಯ್ದೆ, ಯಂತ್ರವಿದ್ದು ನೂರು ಜನಕ್ಕೆ ಕಡಿಮೆಯಿಲ್ಲದೆ ದುಡಿಯುವ ಕಡೆಗಷ್ಟೇ ಅನ್ವಯಿಸಿತು. ಸಣ್ಣ ದುಡಿಮೆಯ ಜಾಗ ಆಗಲೂ ಹೊರಗುಳಿಯಿತು.

ಈಗಲೂ ಕಥೆ ಬೇರೆಯಲ್ಲ. ಕಳೆದ ಹಂಗಾಮಿನಲ್ಲಿ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ, ಕೊಪ್ಪರಿಗೆಯಡಿಯ ಒಲೆಗೆ ಒಣಸಿಪ್ಪೆ ನೂಕುತ್ತಿದ್ದ ಹುಡುಗನನ್ನು ಕಂಡೆ. ಅವನ ಹುಬ್ಬಿನ ಕೂದಲು ಸುಟ್ಟು ಮೊಟಕಾಗಿತ್ತು. ಕೇಳಿದರೆ ‘ಮನೆ ಮಗ ಸಾ, ಸ್ಕೂಲ್ ಬಿಟ್ಮೇಲೆ ಬತ್ತಾನೆ’ ಎಂದರು ಆಲೆಮನೆಯವರು. ಕುಟುಂಬದ ಕಸುಬಿಗೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಕೊಟ್ಟ ವಿನಾಯಿತಿ ಅವರ ಬಾಯಲ್ಲಿ ಸಿದ್ಧವಾಗಿತ್ತು. ಕಾರ್ಮಿಕ ಇಲಾಖೆಯ ನಿರೀಕ್ಷಕರು ಕಬ್ಬು ಅರೆಯುವ ದಿನಗಳಲ್ಲಿ ಆಲೆಮನೆಗಳಿಗೆ ಹೋಗಲಿ, ಅದೂ ಮುಂಚಿತವಾಗಿ ತಿಳಿಸದೆ ರಾತ್ರಿಯ ಹೊತ್ತು ಹೋಗಲಿ.

– ನಿವೃತ್ತ ಇತಿಹಾಸ ಶಿಕ್ಷಕ, ಮಂಡ್ಯ