ನಿಮ್ಮ ಕೋಣೆ 7ರ ಬಗ್ಗೆ

ಪ್ರಿಯ ಕಿರಿಯ ಮಿತ್ರರೇ,

ಪಾತ್ರ ವಹಿಸಿಕೊಂಡು ಟೇಬಲ್ ಸುತ್ತ ಕೂತು ಆಡುವ ಆಟಕ್ಕೆ (ರೋಲ್-ಪ್ಲೇಯಿಂಗ್ ಗೇಮ್) ನೀವು ಬರೆದ ಹೆದರಿಸುವ ಸಪ್ಲಿಮೆಂಟ್‌ನ, ಅಂದರೆ ಪೂರಕ ಪುಸ್ತಕದ, ಕರಡು ಓದಿದೆ. ಬಾವಿಯೊಳಗಿನ ಗುಡಿ ಹಿಡಿಸಿತು. ಆದರೆ ‘ಭೀಕರ’, ‘ವರ್ಣನಾತೀತ’ ಪುಟಪುಟಕ್ಕೂ ಸಿಗುತ್ತವೆ. ಆಟ ನಡೆಸುವ ಗೇಮ್ ಮಾಸ್ಟರ್ ಅವನ್ನು ಓದಿ ಹೇಳಿದರೆ ಟೇಬಲ್ ಸುತ್ತ ಕೂತವರು ಚಿಪ್ಸ್ ತಿನ್ನುವುದನ್ನೂ ನಿಲ್ಲಿಸುವುದಿಲ್ಲ. ಹೆದರಿಸುವ ಕೆಲಸವನ್ನು ನಿಯಮಕ್ಕೆ ಒಪ್ಪಿಸಿ.

ಸ್ವೀಡನ್ನಿನ ಇಂಥದೇ ಆಟ ‘ಮೋರ್ಕ್ ಬೋರ್ಗ್’ (2020) ನೋಡಿ. ಆಟದಲ್ಲಿ ಪ್ರತಿ ಬೆಳಗಾದಾಗ ಒಂದು ದಾಳ ಉರುಳಿಸಬೇಕು. 1 ಬಿದ್ದರೆ ಲೋಕಕ್ಕೆ ಒಂದು ಕೇಡು. ಏಳನೆಯದಕ್ಕೆ ಲೋಕವೇ ಮುಗಿಯಿತು, ಪುಸ್ತಕ ಸುಟ್ಟುಬಿಡಿ ಅನ್ನುತ್ತದೆ. ಯಾವ ದಾಳ ಎಂಬುದನ್ನು ಮೊದಲೇ ಆರಿಸಿಕೊಳ್ಳಬೇಕು. 20 ಮುಖದ್ದಾದರೆ ಸರಾಸರಿ 140 ದಿನ, 2 ಮುಖದ್ದಾದರೆ 14. ಒಂದು ವಿಶೇಷಣವೂ ಬೇಕಿಲ್ಲ, ಬೆಳಗಾಗುವುದೆಂದರೇ ಆಟಗಾರರಿಗೆ ಎದೆ ಡವಡವ.

ಬೆಳಕಿನ ಲೆಕ್ಕವೂ ಹೀಗೇ. 1981ರ ಬೇಸಿಕ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಒಂದು ಟರ್ನ್ ಅಂದರೆ 10 ನಿಮಿಷ, ಪಂಜು 6 ಟರ್ನ್ ಉರಿಯುತ್ತದೆ, ಎರಡು ಟರ್ನ್‌ಗೊಮ್ಮೆ ಆರು ಮುಖದ ದಾಳದಲ್ಲಿ 1 ಬಿದ್ದರೆ ಅಲೆಮಾರಿ ಪ್ರಾಣಿ ಎದುರಾಗುತ್ತದೆ. ಒಂದು ಪಂಜು ಆರುವಷ್ಟರಲ್ಲಿ ಹಾಗಾಗುವ ಸಾಧ್ಯತೆ ಶೇ. 42. ನಿಮ್ಮ ಬಾವಿಯಲ್ಲಿ ಬೆಳಕು ಎಲ್ಲಿಂದ ಬರುತ್ತದೆಂದು ಬರೆದೇ ಇಲ್ಲ. ಹಾಗಾದರೆ ಕತ್ತಲೆಗೆ ಯಾಕೆ ಹೆದರಬೇಕು?

ಈಗ ಕೋಣೆ 7. ಹನ್ನೆರಡು ಸಾಲಿನ ವರ್ಣನೆ ತೆಗೆದು ಹೀಗೆ ಮಾಡಿ ನೋಡಿ: ‘ಮೊಣಕಾಲುದ್ದ ನೀರು, ಬೆಚ್ಚಗಿದೆ. ಗೋಡೆಯಲ್ಲಿ 11 ಮೊಳೆ. ಹತ್ತರಲ್ಲಿ ಒದ್ದೆ ಅಂಗಿ. ಯಾರಾದರೂ ಅಂಗಿ ಮುಟ್ಟಿದರೆ ಅವರ ಮೈಮೇಲಿನದು ಹನ್ನೊಂದನೇ ಮೊಳೆಯಲ್ಲಿ ತೂಗುತ್ತಿರುತ್ತದೆ. 1 ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಹೋಯಿತು.’ ನೀರು ಯಾಕೆ ಬೆಚ್ಚಗಿದೆ ಎಂಬುದು ಆಟಗಾರರಿಗೆ ಗೊತ್ತಾಗದಿದ್ದರೂ ನಡೆಯುತ್ತದೆ, ಗೇಮ್ ಮಾಸ್ಟರ್‌ಗೆ ಮಾತ್ರ ಗೊತ್ತಿರಲೇಬೇಕು: ಕೆಳಗೆ ಕೋಣೆ 9ರಲ್ಲಿ ಮಲಗಿರುವುದರ ಮೈಬಿಸಿ. ‘ನಿಗೂಢ’ ಎಂದು ಬರೆದು ಕೈತೊಳೆದುಕೊಂಡರೆ, ಒಬ್ಬ ಆಟಗಾರ ಆ ನೀರನ್ನು ಕೊಡದಲ್ಲಿ ತುಂಬಿಕೊಂಡು ಹೊರಟಾಗ ಗೇಮ್ ಮಾಸ್ಟರ್ ಕಕ್ಕಾಬಿಕ್ಕಿ. ಈ ಬಗೆಯ ಸಪ್ಲಿಮೆಂಟ್‌ಗಳು ಹೆಚ್ಚಾಗಿ ಕೆಡುವುದು ಇಲ್ಲೇ.

ಎರಡು ದಾಳ ಉರುಳಿಸಿ, ಬಿದ್ದ ಮೊತ್ತದಂತೆ ಏನು ಎದುರಾಗುತ್ತದೆಂದು ನೋಡುವ ನಿಮ್ಮ ಪಟ್ಟಿಯಲ್ಲಿ ಅತ್ಯುತ್ತಮವಾದ ‘ಬಾಯಿಲ್ಲದ ಅರ್ಚಕ’ 12ರಲ್ಲಿದ್ದಾನೆ. 12 ಬೀಳುವುದು 36ಕ್ಕೆ ಒಂದು ಸಲ. 7 ಬೀಳುವುದು ಆರು ಸಲ. ಅವನ ಹೆಜ್ಜೆಗುರುತನ್ನು 7ಕ್ಕೆ ಹಾಕಿ, ಅವನನ್ನು 10ಕ್ಕೆ ಇಳಿಸಿ. ಪದೇ ಪದೇ ಗುರುತು ಕಂಡ ಮೇಲೆ ಅವನು ಬರದಿದ್ದರೂ ನಷ್ಟವಿಲ್ಲ.

ಓದಲೇಬೇಕಾದ ಆಟದ ಪುಸ್ತಕಗಳು ಇನ್ನೆರಡು. ಹಿಕ್ಮನ್ ದಂಪತಿಯ ‘ರೇವನ್‌ಲಾಫ್ಟ್’ (1983): ರಕ್ತಪಿಶಾಚಿಯನ್ನು ಸೋಲಿಸುವ ವಸ್ತುಗಳು ಕೋಟೆಯಲ್ಲಿ ಎಲ್ಲಿವೆ ಎಂಬುದನ್ನು ಇಸ್ಪೀಟು ಎಲೆಗಳು ನಿರ್ಧರಿಸುತ್ತವೆ. ‘ಡೀಪ್ ಕಾರ್ಬನ್ ಅಬ್ಸರ್ವೇಟರಿ’ (2014): ಅಣೆಕಟ್ಟು ಒಡೆದ ಊರಿನಲ್ಲಿ ಏಕಕಾಲಕ್ಕೆ ಹಲವು ಅನಾಹುತ, ಒಬ್ಬರನ್ನು ಉಳಿಸಲು ಹೋದರೆ ಇನ್ನೊಬ್ಬರು ನೀರುಪಾಲು. ಅದರ ಮೊದಲ ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ.

ಮಕ್ಕಳ ಸಾವಿನ ಪ್ರಸಂಗ ಇಟ್ಟುಕೊಳ್ಳುವುದಾದರೆ ಮೊದಲ ಪುಟದಲ್ಲೇ ಹೇಳಿ. ಆಡಿಸುವವರು ತಮ್ಮ ಗುಂಪನ್ನು ಮುಂಚೆ ಕೇಳಿಕೊಳ್ಳಲಿ.

ಇಷ್ಟಾದ ಮೇಲೆ ಕರಡನ್ನು ಬೇರೊಬ್ಬ ಗೇಮ್ ಮಾಸ್ಟರ್‌ಗೆ ಕೊಟ್ಟು ಆಡಿಸಿ. ನೀವು ಬಾಯಿ ಬಿಡಬೇಡಿ. ಅವರು ಹಿಂದಿನ ಪುಟ ತಿರುವಿ ಹುಡುಕಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಂಡು, ಆ ಪುಟಗಳನ್ನು ತಿದ್ದಿ ನನಗೆ ಕಳಿಸಿ.

ಇಂತಿ,
ನಿಮ್ಮ ಹಿತೈಷಿ