ಬೋಡೋನ ಲೆಕ್ಕದಿಂದ ಆರಂಭಿಸು

ಚಿ. ಸುಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಯುರೋಪಿನ ಊಳಿಗಮಾನ್ಯ ಪದ್ಧತಿಯ ಕುರಿತು ನೀನು ಬರೆದ ಪ್ರಬಂಧವನ್ನು ಓದಿದೆ. ಭಾಷೆ ಶುದ್ಧವಾಗಿದೆ. ಆದರೆ ರಾಜ, ಸಾಮಂತ, ಯೋಧ ಎಲ್ಲರೂ ಪುಟಗಟ್ಟಲೆ ಬಂದುಹೋದ ಮೇಲೆ ರೈತನ ಪಾಲಿಗೆ ಉಳಿದಿರುವುದು ‘ಅವನ ಸ್ಥಿತಿ ಶೋಚನೀಯವಾಗಿತ್ತು’ ಎಂಬ ಒಂದೇ ವಾಕ್ಯ. ವಾರದಲ್ಲಿ ಎಷ್ಟು ದಿನ ಅವನ ಕೈಯಲ್ಲಿದ್ದವು, ಬೆಳೆದದ್ದರಲ್ಲಿ ಎಷ್ಟು ಅವನ ಮನೆ ಸೇರಿತು ಎಂದು ವಿಚಾರಿಸದೆ ಆ ಮಾತನ್ನು ಬರೆಯಬೇಡ.

ವಿಚಾರಿಸಲು ದಾಖಲೆಯಿದೆ. 9ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಜರ್ಮೇನ್ ಮಠದ ಅಧಿಪತಿ ಇರ್ಮಿನೋನ್, ಮಠದ ಹಿಡುವಳಿಗಳನ್ನೂ ಒಕ್ಕಲುಗಳನ್ನೂ ಅವರು ಸಲ್ಲಿಸಬೇಕಾದ ಸೇವೆಗಳನ್ನೂ ಒಂದೊಂದಾಗಿ ಬರೆಸಿದ. ಅದರಲ್ಲಿ ಬೋಡೋ ಎಂಬ ಒಕ್ಕಲಿದ್ದಾನೆ. ಹೆಂಡತಿ ಎರ್ಮೆಂಟ್ರೂಡ್, ಮೂವರು ಮಕ್ಕಳು. ಉಳುವ ಹೊಲ, ಒಂದಿಷ್ಟು ದ್ರಾಕ್ಷಿ ತೋಟ, ಹುಲ್ಲುಗಾವಲು ಅವನ ವಶದಲ್ಲಿವೆ. ಇದಕ್ಕೆ ಪ್ರತಿಯಾಗಿ ಅವನು ಸೈನ್ಯದ ಬಾಬ್ತು 2 ಸಾಲಿಡಸ್ (ಆ ಕಾಲದ ಹಣದ ಎಣಿಕೆ) ಬೆಳ್ಳಿ, ಕಾಡಿನಲ್ಲಿ ಹಂದಿ ಮೇಯಿಸಲು ದ್ರಾಕ್ಷಾರಸ, ಮೂರು ವರ್ಷಕ್ಕೊಮ್ಮೆ ಚಾವಣಿಗೆ 100 ಹಲಗೆ, 3 ಕೋಳಿ, 15 ಮೊಟ್ಟೆ ಕೊಡಬೇಕು. ಮಠದ ಸ್ವಂತ ಹೊಲದಲ್ಲಿ ನಿಗದಿತ ಅಳತೆಯ ನೆಲವನ್ನು ಉಳಬೇಕು, ಬೇಲಿ ಕಟ್ಟಬೇಕು. ಇವುಗಳಿಗಿಂತ ಭಾರವಾದದ್ದು ವಾರವಾರದ ಬಿಟ್ಟಿ ದುಡಿಮೆ: ಎರಡು ಸರದಿ, ಅದರ ಮೇಲೊಂದು ಕೈಕೆಲಸ. ಮೋಡ ಕವಿದು ತನ್ನ ಪೈರು ಕೊಯ್ಲಿಗೆ ಕಾಯುತ್ತಿದ್ದಾಗಲೂ ಮಠದ ಕೊಯ್ಲಿಗೆ ಹೋಗಲೇಬೇಕಾದವನ ಪಾಡನ್ನು, ಮಳೆ ನಂಬಿ ಬದುಕಿದ ಮನೆಯಲ್ಲಿ ಹುಟ್ಟಿದ ನಿನಗೆ ನಾನು ವಿವರಿಸಬೇಕಿಲ್ಲ.

ಆ ಪಟ್ಟಿಯನ್ನು ನಂಬು, ಆದರೆ ಅದನ್ನು ಬರೆಸಿದವರು ಯಾರೆಂಬುದನ್ನು ಮರೆಯಬೇಡ. ಮಠಕ್ಕೆ ಬಂದದ್ದು ಅದರಲ್ಲಿದೆ. ಎರ್ಮೆಂಟ್ರೂಡಳ ಮಡಕೆಯಲ್ಲಿ ಉಳಿದದ್ದು ಇಲ್ಲ. ಬಿತ್ತಿದ ಬೀಜಕ್ಕೆ ಎರಡು ಮೂರು ಪಟ್ಟು ಬಂದರೆ ಸಾಧಾರಣ ಬೆಳೆ ಎನ್ನಬೇಕಾಗಿದ್ದ ಕಾಲ ಅದು. ಅದರಲ್ಲಿ ಒಂದು ಪಾಲನ್ನು ಮುಂದಿನ ಬಿತ್ತನೆಗೆ ತೆಗೆದಿಟ್ಟ ಮೇಲೆ ಒಂದು ಕೆಟ್ಟ ವರ್ಷವೇ ಕ್ಷಾಮಕ್ಕೆ ಸಾಕಾಗುತ್ತಿತ್ತು. ಅಂಥ ಒಂದು ಕ್ಷಾಮದ ಹಿಂದೆಯೇ, 794ರ ಫ್ರಾಂಕ್‌ಫರ್ಟ್ ಸಭೆಯಲ್ಲಿ ಫ್ರಾಂಕರ ಅರಸ ಶಾರ್ಲಮೇನ್ ಧಾನ್ಯದ ಬೆಲೆಗೆ ಮಿತಿ ಹಾಕಿದ: ಒಂದು ಅಳತೆ ಓಟ್ಸ್‌ಗೆ 1 ಡೆನಾರಿಯಸ್ (ಬೆಳ್ಳಿ ನಾಣ್ಯ), ಬಾರ್ಲಿಗೆ 2, ರೈ ಧಾನ್ಯಕ್ಕೆ 3, ಗೋಧಿಗೆ 4.

ನಿನ್ನ ಪ್ರಬಂಧದಲ್ಲಿ ರೈತರೆಲ್ಲ ಗುಲಾಮರಾಗಿದ್ದಾರೆ, ಅದನ್ನು ತಿದ್ದು. ಬೋಡೋನಂಥ ಒಕ್ಕಲುಗಳು ಕಾನೂನಿನಲ್ಲಿ ಗುಲಾಮರಲ್ಲ, ಆದರೆ ನೆಲ ಬಿಟ್ಟು ಹೋಗುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಅವರ ಕೆಳಗೆ ಗುಲಾಮರೆಂದೇ ಬರೆಯಲ್ಪಟ್ಟವರು ಬೇರೆ ಇದ್ದರು. ಅವರ ಹೆಂಗಸರು ಮಠಕ್ಕೆ ಬಟ್ಟೆ ನೇಯ್ದು ಕೊಡಬೇಕಿತ್ತು.

ಒಕ್ಕಲುಗಳು ತುಟಿ ಬಿಚ್ಚದೆ ಸಹಿಸಿದರೆಂದೂ ಬರೆಯಬೇಡ. 828ರಲ್ಲಿ ಆಂತ್ವಾನ್ಯೆ ಎಂಬ ಊರಿನ ಒಕ್ಕಲುಗಳು, ಕಾರ್ಮೆರಿ ಮಠದವರು ತಮ್ಮಿಂದ ಸಲ್ಲದ ಬಾಕಿ ವಸೂಲು ಮಾಡುತ್ತಿದ್ದಾರೆಂದು ಅಕ್ವಿಟೇನಿನ ರಾಜ ಪೆಪಿನ್‌ನ ನ್ಯಾಯಸಭೆಯವರೆಗೆ ಹೋದರು. ಮಠದವರು ಹಳೆಯ ಪಟ್ಟಿಯನ್ನು ಮುಂದಿಟ್ಟರು, ಒಕ್ಕಲುಗಳು ಸೋತರು. ಅಂಥ ಪಟ್ಟಿಯೇ ಒಮ್ಮೊಮ್ಮೆ ರೈತರ ಕೈಯಲ್ಲೂ ಆಯುಧವಾಗುತ್ತಿತ್ತು: ಹೊಲಕ್ಕೆ ಗೊಬ್ಬರದಂತೆ ಹಾಕುವ ಸುಣ್ಣಮಣ್ಣು ಸಾಗಿಸುವ ಕೆಲಸ ಹಿಂದಿನ ಪಟ್ಟಿಗಳಲ್ಲಿ ಇಲ್ಲವೆಂದು ಒಕ್ಕಲುಗಳು ನಿರಾಕರಿಸುತ್ತಿದ್ದುದನ್ನು 864ರ ಪೀತ್ರ್ ಶಾಸನದಲ್ಲಿ ಪಶ್ಚಿಮ ಫ್ರಾಂಕರ ಅರಸ ‘ಬೋಳು’ ಚಾರ್ಲ್ಸ್ ತಾನೇ ದೂರಿಕೊಂಡು, ಆ ಕೆಲಸವನ್ನು ಮಾಡಲೇಬೇಕೆಂದು ವಿಧಿಸಿದ. ಇನ್ನು 859ರ ಸಂಗತಿ. ಸೇನ್ ಮತ್ತು ಲ್ವಾರ್ ನದಿಗಳ ನಡುವಣ ಸಾಮಾನ್ಯ ಜನ ಆಣೆಯಿಟ್ಟು ಒಗ್ಗೂಡಿ ಡೇನರ (ಉತ್ತರದಿಂದ ಬಂದ ವೈಕಿಂಗರ) ದಾಳಿಯನ್ನು ಎದುರಿಸಿದರು; ಅವರನ್ನು ಕೊಂದವರು ಅವರದೇ ನಾಡಿನ ಬಲಾಢ್ಯರು. ಒಡೆಯನು ರಕ್ಷಣೆ ಕೊಟ್ಟ, ರೈತನು ದುಡಿಮೆ ಕೊಟ್ಟ ಎಂಬ ನಿನ್ನ ಎರಡನೆಯ ಪುಟದ ಸರಳ ಒಪ್ಪಂದದ ಪಕ್ಕದಲ್ಲಿ ಈ ಘಟನೆಯನ್ನು ಇಟ್ಟು, ಆ ವಾಕ್ಯ ನಿಲ್ಲುತ್ತದೆಯೇ ಎಂದು ನೀನೇ ನೋಡು.

ಬೋಡೋನನ್ನು ಮೊದಲ ಪುಟಕ್ಕೆ ತಂದು, ಅರಸರನ್ನು ಬೇಕಾದಲ್ಲಿ ಮಾತ್ರ ಕರೆ. ತಿದ್ದಿದ ಪ್ರತಿಯನ್ನು ಅಧ್ಯಾಪಕರಿಗೆ ಕೊಡುವ ಮೊದಲು ನನಗೊಮ್ಮೆ ಕಳುಹಿಸು.

ಇಂತಿ ನಿನ್ನ,
ದೊಡ್ಡಪ್ಪ